ಕುಂಬಾರ ನಡೆದ ಗಡಿ

"ಗುರುಗಳೇ, ಎರಡು ನಾಡುಗಳ ಜಗಳ ಬಿಡಿಸಲು ಹೊರಟವನು ಎಲ್ಲಕ್ಕಿಂತ ಹೆಚ್ಚಾಗಿ ಯಾವುದಕ್ಕೆ ಹೆದರಬೇಕು?"

ಕೇಳಿದವನು ತಿಪ್ಪರಸ. ಹಿಂದೊಮ್ಮೆ ಇದೇ ಮಠದ ಜಗಲಿಯಲ್ಲಿ ಮರಳ ಮೇಲೆ ಅಕ್ಷರ ತಿದ್ದಿದ್ದವನು. ಈಗ ತನ್ನ ಅರಸನ ಸಂಧಿವಿಗ್ರಹಿ, ಎಂದರೆ ಯುದ್ಧ ಹೂಡುವ ಮಾತನ್ನೂ ನಿಲ್ಲಿಸುವ ಮಾತನ್ನೂ ಆಡುವ ಮಂತ್ರಿ. ಅವನ ನಾಡಿಗೂ ನೆರೆಯ ನಾಡಿಗೂ ಇಪ್ಪತ್ತೊಂದು ವರ್ಷಗಳಿಂದ ಕಾಳಗ. ಅವನ ಅಣ್ಣಂದಿರಿಬ್ಬರು ಅದರಲ್ಲೇ ಹೋಗಿದ್ದರು. ಮೂರು ವರ್ಷ ಆಚೆಗೂ ಈಚೆಗೂ ಅಲೆದು, ಎರಡೂ ಕಡೆಯವರನ್ನು ಒಪ್ಪಿಸಿ, ತಿಪ್ಪರಸ ಒಂದು ಒಪ್ಪಂದ ಬರೆದಿದ್ದ. ಮರುದಿನ ಬೆಳಿಗ್ಗೆ ಅದರ ಮೇಲೆ ಇಬ್ಬರು ಅರಸರ ಮುದ್ರೆ ಬೀಳಬೇಕು. ಬೀಳದಿದ್ದರೆ ಸುಗ್ಗಿ ಮುಗಿದ ಕೂಡಲೇ ದಂಡು ಮತ್ತೆ ಏಳುತ್ತದೆ. ಗುರುಗಳ ಆಶೀರ್ವಾದ ಪಡೆದು ಹೋಗೋಣವೆಂದು ಅವನು ದಾರಿ ಬಳಸಿ ಮಠಕ್ಕೆ ಬಂದಿದ್ದ.

ಗುರು ಮುದ್ದಯ್ಯನವರ ಬಾಯಿಯಲ್ಲಿ ಇರುವೆ ಹೊರಟರೆ ಆನೆಯಾಗಿ ಮನೆ ಸೇರುತ್ತದೆ ಎಂದು ಶಿಷ್ಯರು ಹಿಂದಿನಿಂದ ಹೇಳುತ್ತಿದ್ದರು. ಗುರುಗಳಿಗೆ ಅದು ಗೊತ್ತಿತ್ತು. ಆನೆಯನ್ನು ಅವರು ಚಿಕ್ಕದು ಮಾಡಿರಲಿಲ್ಲ.

"ಸರಿಯಾದ ಕಡೆಗೇ ಬಂದೆ," ಎಂದರು. "ಏಳು ಸಮುದ್ರದ ನಡುವಿನ ನೆಲದಲ್ಲಿ ಜಗಳ ಬಿಡಿಸುವ ವಿದ್ಯೆಯಲ್ಲಿ ನನ್ನ ಸಮಕ್ಕೆ ನಿಲ್ಲುವವರಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಅಂಥ ಒಂದು ಜಗಳದ ನಡುವೆಯೂ ಹೋಗಿ ಬಂದವನು ನಾನು. ಅವರು ಉಂಡು ಮಲಗಿದರು. ನಾನು ಉಣ್ಣದೆ ಎಂಟು ದಿನ ಮಲಗಿದೆ."

ತಿಪ್ಪರಸ ನಕ್ಕ.

"ನಗುವುದಕ್ಕೆ ಮುಂದೆ ಬೇಕಾದಷ್ಟಿದೆ. ಮೊದಲು ಕತೆ ಕೇಳು. ಇದರಲ್ಲಿ ಸುಳ್ಳೇ ಇಲ್ಲ. ಇದ್ದರೂ ಸಾರಿಗೆ ಉಪ್ಪು ಹಾಕುವಷ್ಟು." ಗುರುಗಳು ಕಾಲು ಮಡಚಿ ಕುಳಿತು ಹೇಳತೊಡಗಿದರು.

ಮೂಡಣ ನಾಡು, ಪಡುವಣ ನಾಡು ಎಂದು ಎರಡು ನಾಡುಗಳಿದ್ದವು. ನಡುವೆ ಒಂದು ಹಳ್ಳ. ಹಳ್ಳದ ಪಕ್ಕದ ತಗ್ಗಿನಲ್ಲಿ ಕುಂಬಾರರ ನಲವತ್ತು ಮನೆ. ಗಡಿ ಎಲ್ಲಿದೆ ಎಂದು ಮೂಡಣದವರಿಗೂ ಗೊತ್ತಿರಲಿಲ್ಲ, ಪಡುವಣದವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಗಡಿಗಾಗಿ ಮೂರು ತಲೆಮಾರಿನಿಂದ ಯುದ್ಧ ನಡೆದಿತ್ತು.

ಆ ಯುದ್ಧ ಎಷ್ಟು ಹಳೆಯದಾಗಿತ್ತೆಂದರೆ, ಬೆಳಗಾದರೆ ಕುದುರೆಗಳು ಸವಾರರಿಗೆ ಕಾಯದೆ ತಾವೇ ರಣರಂಗಕ್ಕೆ ಹೋಗಿ ನಿಲ್ಲುತ್ತಿದ್ದವು. ಮಧ್ಯಾಹ್ನ ಊಟದ ಹೊತ್ತಿಗೆ ಎರಡು ದಂಡುಗಳೂ ಕತ್ತಿ ಕೆಳಗಿಡುತ್ತಿದ್ದವು. ಅಡಿಗೆಗೆ ಉಪ್ಪು ಸಾಲದೆ ಬಂದರೆ ಎದುರು ದಂಡಿನವರನ್ನು ಕೇಳಿ ತರುತ್ತಿದ್ದರು. ಉಂಡು, ಕೈ ತೊಳೆದು, ಉಪ್ಪು ಕೊಟ್ಟವನನ್ನೇ ಹುಡುಕಿಕೊಂಡು ಹೋಗಿ ಕಡಿಯುತ್ತಿದ್ದರು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂಬ ಮಾತು ಆ ಕಡೆಗೆ ಇನ್ನೂ ತಲುಪಿರಲಿಲ್ಲ.

ಕುಂಬಾರರು ಮಾತ್ರ ಎರಡೂ ಕಡೆಗೆ ಮಡಕೆ ಮಾರುತ್ತಿದ್ದರು. ಬದುಕಿದವನಿಗೂ ಮಡಕೆ ಬೇಕು, ಸತ್ತವನಿಗೂ ಮಡಕೆ ಬೇಕು. ಅವರನ್ನು ನೀವು ಯಾವ ನಾಡಿನವರು ಎಂದು ಯಾರೂ ಕೇಳಿರಲಿಲ್ಲ. ತಗ್ಗಿನವರು ಎನ್ನುತ್ತಿದ್ದರು, ಅಷ್ಟೇ.

ಕೊನೆಗೆ ಎರಡು ನಾಡುಗಳಲ್ಲೂ ಗಂಡಸರು ಕಡಿಮೆಯಾದರು. ಅರಸರಿಗೆ ಬುದ್ಧಿ ಬಂತು. ಕುಂಬಾರರ ಕೇರಿಯ ಅಂಚಿನಲ್ಲಿದ್ದ ಅತ್ತಿಮರದ ಕೆಳಗೆ ಡೇರೆ ಹಾಕಿ ಸಂಧಿಯ ಮಾತಿಗೆ ಕುಳಿತರು. ಮಾತು ಎಂಟು ವರ್ಷ ನಡೆಯಿತು. ಮೊದಲ ವರ್ಷವೆಲ್ಲ ಯಾರು ಯಾವ ದಿಕ್ಕಿಗೆ ಮುಖ ಮಾಡಬೇಕು ಎನ್ನುವುದರಲ್ಲೇ ಹೋಯಿತು. ಎರಡನೆಯ ವರ್ಷ ಆಸನದ ಎತ್ತರದ ಪ್ರಶ್ನೆ. ಇವನು ಒಂದು ದಿಂಬು ಹಾಕಿಸಿದರೆ ಅವನು ಎರಡು ಹಾಕಿಸಿದ. ಇವನು ಮೂರು, ಅವನು ನಾಲ್ಕು. ಕಡೆಗೆ ಇಬ್ಬರು ಅರಸರೂ ಡೇರೆಯ ಬಟ್ಟೆಗೆ ಕಿರೀಟ ತಾಗಿಸಿ ಕುಳಿತರು. ಕೆಳಗೆ ನಿಂತ ಮಂತ್ರಿಗಳು ಆರು ವರ್ಷ ಅವರ ಪಾದಗಳ ಜೊತೆಗೇ ಮಾತಾಡಿದರು.

"ದಿಂಬಿನ ಮಾತು ನಿಜ, ಗುರುಗಳೇ," ಎಂದ ತಿಪ್ಪರಸ. "ನಮ್ಮಲ್ಲಿ ಅದಕ್ಕೆ ಏಳು ತಿಂಗಳು ಹಿಡಿಯಿತು."

"ನೋಡಿದೆಯಾ ನನ್ನ ಕಷ್ಟ. ನಾನು ಎಷ್ಟೇ ದೊಡ್ಡ ಸುಳ್ಳು ಹೇಳಲು ಹೊರಟರೂ ಅದು ಎಲ್ಲಿಯೋ ಆಗಲೇ ನಡೆದು ಹೋಗಿರುತ್ತದೆ," ಎಂದು ಗುರುಗಳು ಕತೆ ಮುಂದುವರಿಸಿದರು.

ಎಂಟನೆಯ ವರ್ಷ ಒಬ್ಬ ಮುದುಕ ಹಳೆಯ ಪದ್ಧತಿಯೊಂದನ್ನು ನೆನಪಿಸಿದ. ಗಡಿಯ ತಕರಾರು ಬಗೆಹರಿಯದಿದ್ದರೆ ಸುಳ್ಳಾಡದವನೊಬ್ಬನನ್ನು ಹುಡುಕಬೇಕು. ಅವನು ಉಪವಾಸವಿದ್ದು, ಮಿಂದು, ಒದ್ದೆ ಬಟ್ಟೆಯುಟ್ಟು, ಕೊರಳಿಗೆ ಕೆಂಪು ಕಣಗಿಲೆಯ ಮಾಲೆ ಹಾಕಿಕೊಂಡು, ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು ನಡೆಯಬೇಕು. ಅವನು ಎಲ್ಲಿ ನಡೆದನೋ ಅದೇ ಗಡಿ. ನಡೆಯುವಾಗ ಯಾರೂ ಅವನನ್ನು ಮಾತಾಡಿಸಬಾರದು, ತಡೆಯಬಾರದು. ಅವನಾಗಿ ಹೆಂಟೆ ಇಳಿಸಿದಲ್ಲಿ ಗಡಿ ಮುಗಿಯಿತು.

ಇಬ್ಬರು ಅರಸರೂ ದಿಂಬುಗಳಿಂದ ಇಳಿದು ಬಂದು ಬೆಂಕಿಯ ಮುಂದೆ ಆಣೆ ಮಾಡಿದರು. "ಈತನ ಹೆಜ್ಜೆಯಲ್ಲದೆ ನಮ್ಮ ನಡುವೆ ಬೇರೆ ಗಡಿಯಿಲ್ಲ. ಒಂದು ಕಲ್ಲನ್ನು ಕದಲಿಸಿದವನ ವಂಶ ಕದಲಲಿ."

ಸುಳ್ಳಾಡದವನನ್ನು ಹುಡುಕುವುದೇ ಕಷ್ಟವಾಯಿತು. ಪಡುವಣದವರು ಒಬ್ಬ ನ್ಯಾಯಾಧೀಶನನ್ನು ಸೂಚಿಸಿದರು. ಹೇಳಿ ಮುಗಿಸುವಷ್ಟರಲ್ಲಿ ಅವರೇ ನಕ್ಕುಬಿಟ್ಟರು. ಮೂಡಣದವರು ಒಬ್ಬ ಮೌನಿಯನ್ನು ಕರೆತಂದರು. ಅವನು ತಲೆಯಾಡಿಸುವುದರಲ್ಲೇ ಸುಳ್ಳು ಹೇಳುತ್ತಾನೆ ಎಂದು ಅವನ ಹೆಂಡತಿಯೇ ಬಂದು ಹೇಳಿದಳು. ಆಗ ಎರಡೂ ಕಡೆಯ ಮಂತ್ರಿಗಳಿಗೆ ಒಟ್ಟಿಗೆ ಒಬ್ಬ ಕುಂಬಾರ ನೆನಪಾದ. ಅವನು ಕೊಳ್ಳಲು ಬಂದವರಿಗೆ, "ಅದು ಸೋರುತ್ತದೆ ಬುದ್ಧೀ, ಇದನ್ನು ತಗೊಳ್ಳಿ," ಎಂದು ತಾನಾಗಿ ಹೇಳುತ್ತಿದ್ದವನು. ಎರಡು ಅರಮನೆಗಳ ಅಡಿಗೆಮನೆಯಲ್ಲೂ ಅವನ ಮಡಕೆಗಳೇ ಇದ್ದವು.

ಕುಂಬಾರ ಒಪ್ಪಿ ಮನೆಗೆ ಬಂದ. ಹೆಂಡತಿ ಹಸಿ ಮಡಕೆಯ ತಳ ತಟ್ಟುತ್ತ ಕುಳಿತಿದ್ದಳು.

"ಯಾಕೆ ಒಪ್ಪಿಕೊಂಡಿರಿ?" ಎಂದಳು.

"ಮಣ್ಣು ಹೊರುವ ಕೆಲಸ ಅಂದರು. ನನಗೆ ಬರುವುದು ಅದೊಂದೇ ಅಲ್ಲವೇನೇ?"

"ಅರಸರು ಮಣ್ಣು ಹೊರುವುದಕ್ಕೆ ಕರೆದರೆ ಗುಂಡಿ ಯಾರದು ಅಂತ ಕೇಳಬೇಕಿತ್ತು."

"ಕೇಳುವಷ್ಟು ಹೊತ್ತು ನಿಲ್ಲಿಸಲಿಲ್ಲ. ಶಾಲು ಹೊದಿಸಿಬಿಟ್ಟರು."

ಅವಳು ಶಾಲನ್ನು ಕಣ್ಣಿಟ್ಟು ನೋಡಿದಳು. ಒಳ್ಳೆಯ ಶಾಲು. ಮಣ್ಣಿನ ಕೈ ತಾಗದಂತೆ ಮಡಚಿ ತೂಗುವ ನೆಲುವಿನ ಮೇಲಿಡಲು ಹೇಳಿ ಮತ್ತೆ ಮಡಕೆ ತಟ್ಟಿದಳು.

ಹೆಂಟೆ ಯಾವ ನಾಡಿನ ಮಣ್ಣಿನದಾಗಿರಬೇಕು ಎನ್ನುವುದರ ಮೇಲೆ ಮತ್ತೆ ಕತ್ತಿ ಹೊರಬಂದವು. ಕುಂಬಾರನೇ ಅದನ್ನು ಬಗೆಹರಿಸಿದ. ಎರಡೂ ಕಡೆಯ ಮಣ್ಣು ತಂದು ಕಲಸಿ ಎಂದ. ತಾನು ದಿನವೂ ಮಾಡುವುದು ಅದನ್ನೇ ಎಂದ. ಸಭೆಯಲ್ಲಿದ್ದವರೆಲ್ಲ ಅವನ ವಿವೇಕಕ್ಕೆ ತಲೆದೂಗಿದರು. ಆದರೆ ಮೂಡಣದ ಮಂತ್ರಿ ತನ್ನ ಮಣ್ಣು ಒಂದು ಹಿಡಿ ಕಡಿಮೆಯಾಯಿತೆಂದು ಒಂದು ಹಿಡಿ ಸೇರಿಸಿದ. ಪಡುವಣದ ಮಂತ್ರಿ ಎರಡು ಹಿಡಿ ಸೇರಿಸಿದ. ಸಂಜೆಯ ಹೊತ್ತಿಗೆ ಹೆಂಟೆ ಒಂದು ಕರುವಿನಷ್ಟಾಯಿತು.

ಉಳಿದದ್ದು ಒಂದೇ ಪ್ರಶ್ನೆ. ಕುಂಬಾರ ಯಾವ ಕಡೆಗೆ ನಡೆಯಬೇಕು? ಅತ್ತಿಮರದಿಂದ ಹೊರಟು, ದಕ್ಷಿಣದ ಹೊಳೆಯವರೆಗೆ ಮೂರು ಹರಿದಾರಿ ನೆಟ್ಟಗೆ ನಡೆಯಬೇಕು. ಇದು ಎಲ್ಲರ ಮನಸ್ಸಿನಲ್ಲಿತ್ತು. ಅದನ್ನು ಅವನಿಗೆ ಹೇಳಿಬಿಡೋಣ ಎಂದ ಮೂಡಣದ ಮಂತ್ರಿ.

"ಹೇಗೆ ಹೇಳುತ್ತೀರಿ?" ಎಂದ ಪಡುವಣದವನು.

"ಕೈ ತೋರಿಸಿ ಹೇಳುತ್ತೇನೆ."

"ನಿಮ್ಮ ಬೆರಳು ಒಂದು ಅಕ್ಕಿಕಾಳಿನಷ್ಟು ನಮ್ಮ ಕಡೆಗೆ ವಾಲಿದರೆ, ಮೂರು ಹರಿದಾರಿ ಮುಗಿಯುವ ಹೊತ್ತಿಗೆ ನಮ್ಮ ನಾಲ್ಕು ಊರು ಹೋಗುತ್ತವೆ."

ಮಾತು ಸರಿಯಾಗಿತ್ತು. ದಿಕ್ಕು ತೋರಿಸುವುದು ಪಕ್ಷಪಾತವಾಗುತ್ತದೆ ಎಂದು ಎರಡೂ ಕಡೆಯವರು ಒಪ್ಪಿದರು. ಹಾಗಾಗಿ ಕುಂಬಾರನಿಗೆ ಯಾರೂ ಏನೂ ಹೇಳಲಿಲ್ಲ. ಎಂಟು ವರ್ಷದಲ್ಲಿ ಅವರು ಜಗಳವಿಲ್ಲದೆ ತೆಗೆದುಕೊಂಡ ಮೊದಲ ತೀರ್ಮಾನ ಅದು.

ಕುಂಬಾರ ಉಪವಾಸವಿದ್ದ. ಮಿಂದ. ಒದ್ದೆ ಬಟ್ಟೆಯಲ್ಲಿ ಅತ್ತಿಮರದ ಕೆಳಗೆ ಬಂದು ನಿಂತ. ಕಣಗಿಲೆಯ ಮಾಲೆ ಹಾಕಿದರು. ನಾಲ್ಕು ಜನ ಸೇರಿ ಹೆಂಟೆ ಎತ್ತಿ ಅವನ ತಲೆಯ ಮೇಲಿಟ್ಟರು. "ನಡೆ," ಎಂದರು.

ಇಲ್ಲಿ ನೀನು ಒಂದು ವಿಷಯ ತಿಳಿಯಬೇಕು ತಿಪ್ಪರಸ, ಎಂದರು ಗುರುಗಳು. ಎಂಟು ವರ್ಷ ಆ ಮರದ ಕೆಳಗೆ ಕುಳಿತಿದ್ದರೂ ಆ ಮಂತ್ರಿಗಳು ತಿಳಿಯದೆ ಹೋದ ವಿಷಯ. ಆ ತಗ್ಗಿನ ಕುಂಬಾರರಲ್ಲಿ ವರ್ಷಕ್ಕೊಮ್ಮೆ ಹೊಸ ಮಣ್ಣು ತೆಗೆಯುವ ದಿನ ಒಂದು ಶಾಸ್ತ್ರವಿತ್ತು. ಹಿರಿಯ ಕುಂಬಾರ ಉಪವಾಸವಿದ್ದು, ಮಿಂದು, ಒದ್ದೆ ಬಟ್ಟೆಯುಟ್ಟು, ಕಣಗಿಲೆ ಮಾಲೆ ಹಾಕಿಕೊಂಡು, ಮೊದಲ ಮಣ್ಣನ್ನು ತಲೆಯ ಮೇಲೆ ಹೊರುತ್ತಿದ್ದ. ಹೊತ್ತು, ಊರನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂದು, ಹೊರಟ ಜಾಗದಲ್ಲೇ ಇಳಿಸುತ್ತಿದ್ದ. ಈ ಕುಂಬಾರನ ಅಪ್ಪ ಹಾಗೆ ಮಾಡಿದ್ದ. ಅಜ್ಜ ಹಾಗೆ ಮಾಡಿದ್ದ. ಉಪವಾಸದ ಹೊಟ್ಟೆ, ಒದ್ದೆ ಬಟ್ಟೆ, ಕೊರಳಲ್ಲಿ ಕಣಗಿಲೆ, ತಲೆಯ ಮೇಲೆ ಮಣ್ಣು. ಇಷ್ಟಾದ ಮೇಲೆ ಆ ಜನರ ಕಾಲಿಗೆ ಗೊತ್ತಿದ್ದದ್ದು ಒಂದೇ ದಾರಿ.

ತಿಪ್ಪರಸನ ಮುಖದ ಮೇಲಿನ ನಗೆ ಹಾಗೇ ನಿಂತಿತು. ಅವನು ಮುಂದಕ್ಕೆ ಬಾಗಿ ಕುಳಿತ.

ಕುಂಬಾರ ನಡೆದ. ಹೆಂಟೆಯ ಭಾರಕ್ಕೆ ಅವನ ಕತ್ತು ಬಗ್ಗಿತ್ತು. ಕಣ್ಣಿಗೆ ತನ್ನ ಹೆಬ್ಬೆರಳುಗಳ ಹೊರತು ಏನೂ ಕಾಣುತ್ತಿರಲಿಲ್ಲ. ಹಿಂದೆ ಎರಡೂ ನಾಡಿನ ಕಲ್ಲುಕುಟಿಗರು ಹತ್ತು ಹೆಜ್ಜೆಗೊಂದು ಕಲ್ಲು ನೆಡುತ್ತ ಬಂದರು. ಅವರ ಹಿಂದೆ ಮಂತ್ರಿಗಳು, ಅವರ ಹಿಂದೆ ಅರಸರು, ಅವರ ಹಿಂದೆ ಎರಡು ದಂಡು. ಮೊದಲ ಮೂವತ್ತು ಕಲ್ಲುಗಳವರೆಗೆ ಎಲ್ಲ ಸರಿಯಾಗಿತ್ತು. ಮಣ್ಣುಗುಂಡಿಯ ಹತ್ತಿರ ಅವನು ಬಲಕ್ಕೆ ತಿರುಗಿದ.

ಪಡುವಣದ ಅರಸನ ಮುಖ ಕಪ್ಪಿಟ್ಟಿತು. ಮೂಡಣದ ಅರಸ ಮೀಸೆಯೊಳಗೆ ನಕ್ಕ. ಕುಂಬಾರ ಅಲ್ಲಿಂದ ಮುಂದೆ ನಡೆದು ಆವಿಗೆಯ ಹತ್ತಿರ, ಮಡಕೆ ಸುಡುವ ಜಾಗದ ಹತ್ತಿರ, ಮತ್ತೆ ಬಲಕ್ಕೆ ತಿರುಗಿದ. ಈಗ ಅವನು ಹೊರಟ ದಿಕ್ಕಿಗೆ ಬೆನ್ನು ಮಾಡಿ ವಾಪಸು ನಡೆಯುತ್ತಿದ್ದ. ಮೂಡಣದ ಅರಸನ ನಗೆ ಹೋಯಿತು. ಮಂತ್ರಿಗಳು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡರು; ಹಿಡಿದುಕೊಂಡಿದ್ದೇವೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಕೂಗಬೇಕು ಅನ್ನಿಸಿತು ಎಲ್ಲರಿಗೂ. ಮಾತಾಡಿಸುವ ಹಾಗಿಲ್ಲ. ಹಿಡಿದು ನಿಲ್ಲಿಸಬೇಕು ಅನ್ನಿಸಿತು. ತಡೆಯುವ ಹಾಗಿಲ್ಲ. ಹನ್ನೆರಡು ಸಾವಿರ ಜನ ತುದಿಗಾಲಲ್ಲಿ ಅವನ ಹಿಂದೆ ನಡೆದರು. ಒಬ್ಬ ಕಲ್ಲುಕುಟಿಗ ಅಳುತ್ತಲೇ ಕಲ್ಲು ನೆಟ್ಟ.

ನೂರ ನಲವತ್ತನಾಲ್ಕನೆಯ ಕಲ್ಲು ಮೊದಲನೆಯ ಕಲ್ಲಿನ ಪಕ್ಕಕ್ಕೆ ಬಂತು. ಕುಂಬಾರ ಅತ್ತಿಮರದ ಕೆಳಗೆ, ಹೊರಟ ಜಾಗದಲ್ಲೇ, ಮೊಣಕಾಲೂರಿ ಹೆಂಟೆ ಇಳಿಸಿದ. ಕತ್ತು ನೀವಿಕೊಂಡು ಮೇಲೆ ನೋಡಿದ. ಎದುರಿಗೆ ಎರಡು ನಾಡಿನ ಜನ ಬಾಯಿ ತೆರೆದುಕೊಂಡು ನಿಂತಿದ್ದರು.

"ಸರಿಯಾಯಿತಾ ಬುದ್ಧೀ?" ಎಂದು ಅವನು ಕೇಳಿದ.

ಗಡಿ ಬಳೆಯ ಹಾಗೆ ದುಂಡಗಿತ್ತು. ಒಳಗೆ ನಲವತ್ತು ಮನೆ. ಹೊರಗೆ ಮಿಕ್ಕ ಪ್ರಪಂಚ. ಇಬ್ಬರು ಅರಸರೂ, ಇಬ್ಬರು ಮಂತ್ರಿಗಳೂ, ಎರಡು ದಂಡುಗಳೂ ಕಲ್ಲುಗಳ ಹೊರಗೆ ನಿಂತಿದ್ದವು. ಆಣೆಯೋ, ಬೆಂಕಿಯ ಮುಂದೆ ಮಾಡಿದ್ದು. ಒಂದು ಕಲ್ಲನ್ನೂ ಕದಲಿಸುವಂತಿಲ್ಲ.

ಆಮೇಲೆ ಮೂಡಣದ ಅರಸ ಮೆಲ್ಲಗೆ ಹೇಳಿದ: "ಈತನ ಹೆಜ್ಜೆಯಲ್ಲದೆ ನಮ್ಮ ನಡುವೆ ಬೇರೆ ಗಡಿಯಿಲ್ಲ ಎಂದಿದ್ದೆವು."

"ಎಂದಿದ್ದೆವು," ಎಂದ ಪಡುವಣದ ಅರಸ.

"ಈತನ ಹೆಜ್ಜೆ ನಮ್ಮಿಬ್ಬರ ನಡುವೆ ಇಲ್ಲವೇ ಇಲ್ಲ. ನಾವಿಬ್ಬರೂ ಒಂದೇ ಕಡೆ ಇದ್ದೇವಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೂರು ತಲೆಮಾರಿನಲ್ಲಿ ಆ ಎರಡು ಮನೆತನದವರು ದಿಂಬಿಲ್ಲದೆ ನೆಲದ ಮೇಲೆ ನಿಂತು ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಪಡುವಣದ ಅರಸ ತೋಳು ಚಾಚಿದ. ಮೂಡಣದ ಅರಸ ಅಪ್ಪಿಕೊಂಡ. ಡೋಲು ಬಡಿದರು. ಸೈನಿಕರು ಕತ್ತಿ ಎಸೆದು, ಉಪ್ಪು ಸಾಲ ಕೊಟ್ಟವರನ್ನು ಹುಡುಕಿ ತಬ್ಬಿಕೊಂಡರು. ಕುಂಬಾರರ ಕೇರಿಗೂ ಎರಡು ಗಾಡಿ ಸಿಹಿ ಹೋಯಿತು. ಕುಂಬಾರನಿಗೆ ಇನ್ನೊಂದು ಶಾಲು ಹೊದಿಸಿದರು.

ಇದಕ್ಕಿಂತ ದೊಡ್ಡ ಸಂಧಿ ಲೋಕದಲ್ಲಿ ಆಗಿಲ್ಲ, ಎಂದರು ಗುರುಗಳು. ಎರಡು ನಾಡುಗಳ ದಾರಿಗಳು ಕೂಡಿದವು. ಧಾನ್ಯ ಅಳೆಯುವ ಕೊಳಗ ಒಂದಾಯಿತು, ಬಳ್ಳ ಒಂದಾಯಿತು. ಆಚೆಯ ಹೆಣ್ಣು ಈಚೆಗೆ ಬಂದಳು, ಈಚೆಯ ಹೆಣ್ಣು ಆಚೆಗೆ ಹೋದಳು. ಆಚೆ ಹಬ್ಬವೆಂದರೆ ಈಚೆ ಒಬ್ಬಟ್ಟು. ಎರಡು ಕಡೆಯ ಮಂತ್ರಿಗಳು ಒಂದೇ ಚಾವಡಿಯಲ್ಲಿ ಕುಳಿತು ಒಂದೇ ಓಲೆ ಬರೆಯತೊಡಗಿದರು. ಬೇರೆ ಬೇರೆ ನಾಡುಗಳಿಂದ ಸಂಧಿವಿಗ್ರಹಿಗಳು ಬಂದು ನೋಡಿ ಕಲಿತು ಹೋದರು.

ಕುಂಬಾರನಿಗೂ ಹೆಮ್ಮೆಯಾಗಿತ್ತು. ಅವನ ಹೆಂಡತಿ ಮಾತ್ರ ಎರಡು ಶಾಲುಗಳನ್ನು ನೋಡಿ, "ಕಲ್ಲಿನ ಹೊರಗೆ ಇರುವವರೆಲ್ಲ ಒಂದಾದರು. ಒಳಗಿರುವ ನಾವು ಯಾರು?" ಎಂದಳು.

ಅವನು ಎರಡನೆಯ ಶಾಲನ್ನೂ ಮಡಚಿ ನೆಲುವಿನ ಮೇಲಿಟ್ಟ. ಮಾರನೆಯ ವಾರ ಮಡಕೆ ಮಾರಲು ಹೋದಾಗ ಕಲ್ಲಿನ ಹತ್ತಿರ ಕಾವಲಿನವನು, "ಹೊರನಾಡಿನವನೇ, ನಿಲ್ಲು," ಎಂದ. ಕುಂಬಾರ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ತನ್ನನ್ನೇ ಎಂದು ಆಮೇಲೆ ತಿಳಿಯಿತು.

ಅವನು ಚಾವಡಿಗೆ ಹೋದ. ಇಬ್ಬರು ಮಂತ್ರಿಗಳೂ ಎದ್ದು ನಿಂತು ಮರ್ಯಾದೆ ಮಾಡಿದರು.

"ಬುದ್ಧೀ, ಕಲ್ಲಿನೊಳಗಿರುವ ನಾವು ಯಾವ ನಾಡಿನವರು?"

"ಬಹಳ ಒಳ್ಳೆಯ ಪ್ರಶ್ನೆ," ಎಂದ ಮೂಡಣದ ಮಂತ್ರಿ.

"ಮುಂದಿನ ಸಭೆಯಲ್ಲಿ ಮೊದಲು ಇದನ್ನೇ ತೆಗೆದುಕೊಳ್ಳೋಣ ಕುಂಬಾರಣ್ಣ," ಎಂದ ಪಡುವಣದ ಮಂತ್ರಿ.

ಮುಂದಿನ ಸಭೆಯಲ್ಲಿ ಬೇರೆ ಮಾತು ಬಂತು. ಸ್ನೇಹದ ನೆನಪಿಗೆ ಎರಡು ನಾಡುಗಳೂ ಸೇರಿ ಏನಾದರೂ ಕಟ್ಟಬೇಕು. ಏನು ಕಟ್ಟೋಣ? ಎರಡು ನಾಡಿಗೂ ಬೇಕಾದದ್ದು ನೀರು. ಕೆರೆ ಕಟ್ಟೋಣ. ಎಲ್ಲಿ? ನಿಮ್ಮ ನೆಲದಲ್ಲಿ ಬೇಡ, ನಮ್ಮ ನೆಲದಲ್ಲಿ ಬೇಡ. ಈಗಷ್ಟೇ ಕೂಡಿದ್ದೇವೆ, ಮತ್ತೆ ಮನಸ್ಸು ಕಹಿಯಾಗುವುದು ಬೇಡ. ಕೆರೆ ಕಟ್ಟುವ ಮೇಸ್ತ್ರಿ ಸುತ್ತಾಡಿ ನೋಡಿ ಬಂದ. ಅವನ ಮುಖ ಅರಳಿತ್ತು. ತಗ್ಗು ಜಾಗ. ಕೆಳಗೆ ಒಂದು ಹನಿ ಇಂಗದಂಥ ಜಿಗುಟು ಮಣ್ಣು. ಪಕ್ಕದಲ್ಲೇ ಹಳ್ಳ. ಏರಿ ಎಲ್ಲಿ ಹಾಕಬೇಕೆಂದು ಅಳೆಯುವ ಕೆಲಸವೂ ಇಲ್ಲ. ಸುತ್ತಲೂ ಆಗಲೇ ಕಲ್ಲು ನೆಟ್ಟಿದ್ದಾರೆ.

ಆ ಓಲೆಗೆ ಅವತ್ತೇ ಎರಡು ಮುದ್ರೆ ಬಿದ್ದವು. ಎದುರು ಮಾತಾಡುವವರು ಯಾರೂ ಇರಲಿಲ್ಲ. ಮೂಡಣದವರು ತಮ್ಮ ಒಂದು ಗೇಣು ನೆಲ ಕಳೆದುಕೊಳ್ಳಲಿಲ್ಲ, ಪಡುವಣದವರೂ ಕಳೆದುಕೊಳ್ಳಲಿಲ್ಲ.

ಏರಿಯ ಕೆಲಸ ಶುರುವಾದಾಗ ಕುಂಬಾರ ಸಂತೋಷಪಟ್ಟ. ಕೇರಿಯವರನ್ನು ಕರೆದು, "ನೋಡಿ, ನಮಗೆ ಕೋಟೆ ಕಟ್ಟಿಸುತ್ತಿದ್ದಾರೆ," ಎಂದ. ಏರಿಯ ನಡುವೆ ತುಂಬಲು ಹದವಾದ ಮಣ್ಣು ಬೇಕೆಂದು ಮೇಸ್ತ್ರಿ ಕೇಳಿದ. ಕುಂಬಾರ ತಾನೇ ತುಳಿದು, ಹದ ಮಾಡಿ, ತಲೆಯ ಮೇಲೆ ಹೊತ್ತು ಕೊಟ್ಟ. ಮಣ್ಣಿನ ವಿಷಯದಲ್ಲಿ ಅವನಿಗೆ ಕಳ್ಳತನ ಗೊತ್ತಿರಲಿಲ್ಲ. ಏರಿ ಮೊಣಕಾಲೆತ್ತರ ಬಂತು, ಎದೆಯೆತ್ತರ ಬಂತು, ಮಾಡಿನೆತ್ತರ ಬಂತು. ಬಾಗಿಲು ಎಲ್ಲಿಡುತ್ತೀರಿ ಎಂದು ಅವನು ಒಂದು ದಿನ ಕೇಳಿದ.

ಮೇಸ್ತ್ರಿ ಅವನನ್ನು ನೋಡಿದ. "ಬಾಗಿಲಲ್ಲಪ್ಪ, ತೂಬು," ಎಂದ. "ನೀರು ಬಿಡುವುದಕ್ಕೆ."

ತಿಪ್ಪರಸನ ಕೈ ಮಡಿಲಿನಲ್ಲಿದ್ದ ಒಪ್ಪಂದದ ಓಲೆಯ ಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಗುರುಗಳು ಅತ್ತ ನೋಡಲಿಲ್ಲ. ಅವರ ದನಿಯಲ್ಲಿದ್ದ ತಮಾಷೆ ಎಲ್ಲಿ ಇಳಿದುಹೋಯಿತೆಂದು ಅವನಿಗೆ ತಿಳಿಯಲಿಲ್ಲ.

ಕುಂಬಾರ ಮೂಡಣದ ಅರಸನ ಬಳಿಗೆ ಓಡಿದ. ಅರಸ ಕೇಳಿ ಮರುಗಿದ. "ನಿನ್ನ ಮಾತು ನ್ಯಾಯವಾದದ್ದು," ಎಂದ. "ಆದರೆ ನೀನು ನನ್ನ ಪ್ರಜೆಯಲ್ಲ. ನಿನ್ನ ಪರವಾಗಿ ಮಾತಾಡಿದರೆ ನನ್ನದಲ್ಲದ ನೆಲಕ್ಕೆ ಕೈ ಹಾಕಿದೆ ಎಂದು ಪಡುವಣದವರು ನೊಂದುಕೊಳ್ಳುತ್ತಾರೆ. ಎಂಟು ವರ್ಷ ಕುಳಿತು ಮಾಡಿದ ಸಂಧಿ ಮುರಿಯುತ್ತದೆ. ಮತ್ತೆ ಯುದ್ಧವಾಗುವುದು ನಿನಗೆ ಇಷ್ಟವೇನಯ್ಯ?"

ಇಷ್ಟವಿಲ್ಲ ಎಂದ ಕುಂಬಾರ. ಅವನು ಸುಳ್ಳಾಡುವವನಲ್ಲ.

ಅಲ್ಲಿಂದ ಪಡುವಣದ ಅರಸನ ಬಳಿಗೆ ಓಡಿದ. ಆ ಅರಸನೂ ಮರುಗಿದ. ಅವನೂ ಅದೇ ಮಾತು ಹೇಳಿದ, ಒಂದಕ್ಷರ ವ್ಯತ್ಯಾಸವಿಲ್ಲದೆ. ಓಲೆ ಒಂದೇ ಚಾವಡಿಯಲ್ಲಿ ಬರೆದದ್ದು.

"ಹಾಗಾದರೆ ಇನ್ನೊಂದು ಸಲ ಹೆಂಟೆ ಹೊರಿಸಿ ಬುದ್ಧೀ," ಎಂದ ಕುಂಬಾರ. "ಈ ಸಲ ನೆಟ್ಟಗೆ ನಡೆಯುತ್ತೇನೆ. ಹೊಳೆಯ ತನಕ ನಡೆಯುತ್ತೇನೆ."

"ಕಲ್ಲು ಕದಲಿಸುವಂತಿಲ್ಲವಲ್ಲಪ್ಪ. ಗಡಿ ನಡೆದವನು ನೀನೇ. ನಾವೇನು ನಿನಗೆ ದಾರಿ ತೋರಿಸಿದೆವಾ?"

ಅದೂ ನಿಜವಾಗಿತ್ತು.

ಹಳ್ಳ ತಿರುಗಿಸಿದ ದಿನ ಎರಡು ನಾಡಿನ ಜನವೂ ಏರಿಯ ಮೇಲೆ ಸೇರಿದ್ದರು. ನಲವತ್ತು ಮನೆಯವರು ಮಡಕೆ ತಿರುಗಿಸುವ ತಿಗರಿ ಹೊತ್ತು, ಮಕ್ಕಳನ್ನು ಎತ್ತಿಕೊಂಡು ಏರಿ ಹತ್ತಿ ಬಂದರು. ಆ ಕಡೆ ಇಳಿಯಲು ಮೂಡಣದ ಅಪ್ಪಣೆ ಬೇಕು, ಈ ಕಡೆ ಇಳಿಯಲು ಪಡುವಣದ ಅಪ್ಪಣೆ ಬೇಕು. ಅಪ್ಪಣೆ ಬರುವವರೆಗೆ ಅವರು ಏರಿಯ ಮೇಲೆಯೇ, ನೋಡಲು ಬಂದ ಜನರ ನಡುವೆ, ನಿಂತಿದ್ದರು. ಡೋಲು ಬಡಿದರು. ನೀರು ಕೇರಿಯೊಳಗೆ ಬಂತು. ಅಂಗಳಗಳಲ್ಲಿ ಒಣಗಲು ಇಟ್ಟಿದ್ದ ಹಸಿ ಮಡಕೆಗಳು ನೀರು ತಾಗಿದ ಕೂಡಲೇ ಮಣ್ಣಾದವು. ಸುಟ್ಟ ಮಡಕೆಗಳು ತೇಲಿದವು. ಸಾವಿರಾರು ಮಡಕೆಗಳು ಬಾಯಿ ಮೇಲಾಗಿ ತಿರುಗುತ್ತ ತಿರುಗುತ್ತ ದಡಕ್ಕೆ ಬಂದವು. ಜನ ನಗುತ್ತ ಬಗ್ಗಿ ಅವನ್ನು ಎತ್ತಿಕೊಂಡರು. ಮೂಡಣದವನು ಪಡುವಣದವನಿಗೆ ಎತ್ತಿ ಕೊಟ್ಟ, ಪಡುವಣದವನು ಮೂಡಣದವನಿಗೆ ಎತ್ತಿ ಕೊಟ್ಟ.

ಕುಂಬಾರ ನಿಂತು ನೋಡುತ್ತಿದ್ದ. ಪಕ್ಕದಲ್ಲಿದ್ದ ಒಬ್ಬ ರೈತ ಒಂದು ಮಡಕೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದ. ಒಳ್ಳೆಯ ಸದ್ದು. ಅವನು ಅದನ್ನು ಕುಂಬಾರನ ಕೈಗಿಟ್ಟ.

"ತಗೋ ಅಣ್ಣ, ಒಂದೂ ಸೋರುವುದಿಲ್ಲ," ಎಂದ. "ಯಾರದೂ ಅಲ್ಲ, ಪುಕ್ಕಟೆ."

ಗುರುಗಳು ನಿಲ್ಲಿಸಿದರು.

ತಿಪ್ಪರಸ ಓಲೆಯ ಕಟ್ಟನ್ನು ಮಡಿಲಿನಲ್ಲಿ ಸರಿಪಡಿಸಿಕೊಂಡ.

"ಆದರೆ ಯುದ್ಧ ನಿಂತಿತಲ್ಲ, ಗುರುಗಳೇ?"

"ನಿಂತಿತು. ಇಂದಿಗೂ ಅಲ್ಲಿ ಯುದ್ಧವಿಲ್ಲ. ಅದೊಂದು ನಾನು ಕಟ್ಟಿ ಹೇಳಿದ್ದಲ್ಲ."

"ನನ್ನ ಅಣ್ಣಂದಿರು ಸತ್ತ ಹಾಗೆ ಅಲ್ಲಿ ಮತ್ತೆ ಯಾರೂ ಸಾಯಲಿಲ್ಲವಲ್ಲ?"

"ಸಾಯಲಿಲ್ಲ."

ತಿಪ್ಪರಸನಿಗೆ ಸ್ವಲ್ಪ ಉಸಿರು ಬಂತು. "ನನ್ನ ಒಪ್ಪಂದ ಅಂಥದ್ದಲ್ಲ," ಎಂದ. "ಇಪ್ಪತ್ತೇಳು ಕಲಮುಗಳಿವೆ. ಒಂದೊಂದು ಕಲಮಿಗೂ ಎರಡೂ ಕಡೆಯವರು ಹೊಡೆದಾಡಿದ್ದಾರೆ. ಒಂದೊಂದು ಪದ ತಿದ್ದಲು ತಿಂಗಳು ಹಿಡಿದಿದೆ. ಯಾರ ಗಂಟೂ ಸುಮ್ಮನೆ ಹೋಗಿಲ್ಲ."

"ಇಪ್ಪತ್ತೇಳಕ್ಕೂ ಹೊಡೆದಾಡಿದರಾ?"

"ಹತ್ತೊಂಬತ್ತನೆಯದೊಂದು ಬಿಟ್ಟು. ಅದನ್ನು ಓದಿದ ಕೂಡಲೇ ಇಬ್ಬರೂ ಒಪ್ಪಿದರು. ಒಪ್ಪಂದಕ್ಕೆ ದಾರಿಯಾದದ್ದೇ ಆ ಕಲಮು."

"ಓದು, ಕೇಳೋಣ."

ತಿಪ್ಪರಸ ಕಟ್ಟು ಬಿಚ್ಚಿ ಓಲೆಯನ್ನು ಹುಡುಕಿ ತೆಗೆದ. ಸಭೆಯಲ್ಲಿ ಓದುವ ಹಾಗೆ ಸ್ಪಷ್ಟವಾಗಿ ಓದಿದ. "ಉಭಯ ನಾಡುಗಳ ದಂಡುಗಳು ಇನ್ನು ಮುಂದೆ ಮುಖಾಮುಖಿಯಾಗದಂತೆ, ಜೋಡುಗುಡ್ಡಗಳ ನಡುವಿನ ಹುಲ್ಲುಗಾವಲು ಆಚಂದ್ರಾರ್ಕವಾಗಿ ನಿರ್ಜನ ಬಯಲಾಗಿ ಇರತಕ್ಕದ್ದು."

ಆಮೇಲೆ ಗುರುಗಳು ಕೇಳಿದ್ದು ಒಂದೇ ಮಾತು.

"ಈ ಹೊತ್ತಿನಲ್ಲಿ ಆ ಹುಲ್ಲುಗಾವಲಿನಲ್ಲಿ ಒಲೆ ಹಚ್ಚುತ್ತಿರುವವರು ಯಾರು, ತಿಪ್ಪರಸ?"